ಐದರ ಬಸ್ಸು, ವಿಜ್ಞಾನದ ಹುಡುಗಿ

ಲಿಂಗಸುಗೂರು, ಮಸ್ಕಿ, ಸಿಂಧನೂರು – ರಾಯಚೂರು ಜಿಲ್ಲೆಯ ಈ ಮೂರು ಊರುಗಳನ್ನು ಒಂದೇ ರಸ್ತೆ ದಾರದಂತೆ ಪೋಣಿಸಿದೆ. ಈಗ ಅದರ ಹೆಸರು ರಾಷ್ಟ್ರೀಯ ಹೆದ್ದಾರಿ 150ಎ. ಬೆಳಿಗ್ಗೆ ಎಂಟೂವರೆಯ ಸುಮಾರಿಗೆ ಈ ರಸ್ತೆಯ ಯಾವ ಕ್ರಾಸಿನಲ್ಲಿ ನಿಂತರೂ ಒಂದು ನೋಟ ಕಾಣುತ್ತದೆ. ಬೆನ್ನಿಗೆ ಚೀಲ, ಮಡಿಚಿ ಕಟ್ಟಿದ ಎರಡು ಜಡೆ, ಕೈಯಲ್ಲಿ ಊಟದ ಡಬ್ಬಿ. ಬಸ್ಸಿಗಾಗಿ ಕಾಯುತ್ತಿರುವ ಹುಡುಗಿಯರ ಗುಂಪು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಅವರು ಟಿಕೆಟ್ಟಿಗೆ ಕಾಸು ಎಣಿಸುವುದಿಲ್ಲ. ಗುರುತಿನ ಚೀಟಿ ತೋರಿಸಿದರೆ ಸಾಕು.

ಅವರಲ್ಲಿ ಪಿಯುಸಿ ಓದುವವರನ್ನು ಯಾವ ವಿಭಾಗ ಎಂದು ಕೇಳಿ. 'ಆರ್ಟ್ಸ್ ರೀ' ಎನ್ನುವ ದನಿಗಳೇ ಹೆಚ್ಚು. ಹತ್ತನೆಯ ತರಗತಿಯಲ್ಲಿ ವಿಜ್ಞಾನಕ್ಕೆ ಎಷ್ಟು ಅಂಕ ಬಂದಿತ್ತು ಎಂದರೆ ಎಪ್ಪತ್ತು, ಎಂಬತ್ತು ಎಂಬ ಉತ್ತರವೂ ಬರುತ್ತದೆ. ಹಾಗಿದ್ದರೆ ಸೈನ್ಸ್ ಏಕೆ ಬೇಡವಾಯಿತು? 'ಪ್ರ್ಯಾಕ್ಟಿಕಲ್ ಇದ್ದ ದಿನ ಸಂಜಿ ಬಸ್ ತಪ್ಪತೈತ್ರಿ. ಕತ್ತಲಾಗೂದ್ರೊಳಗ ಮನಿ ಸೇರಬೇಕಂತಾರ.'

ಹೆಣ್ಣುಮಕ್ಕಳು ವಿಜ್ಞಾನದಲ್ಲಿ ಏಕೆ ಕಡಿಮೆ ಎಂಬ ಪ್ರಶ್ನೆಗೆ ವಿಚಾರ ಸಂಕಿರಣಗಳಲ್ಲಿ ದೊಡ್ಡ ದೊಡ್ಡ ಉತ್ತರಗಳಿವೆ. ಈ ಸೀಮೆಯಲ್ಲಿ ಅರ್ಧ ಉತ್ತರ ಬಸ್ ನಿಲ್ದಾಣದ ವೇಳಾಪಟ್ಟಿಯ ಹಲಗೆಯ ಮೇಲೆಯೇ ಬರೆದಿದೆ.

ಕಲಾ ವಿಭಾಗದ ಪಾಠಗಳು ಬಹುಮಟ್ಟಿಗೆ ಮಧ್ಯಾಹ್ನಕ್ಕೆ ಮುಗಿಯುತ್ತವೆ. ವಿಜ್ಞಾನದವರಿಗೆ ಊಟದ ನಂತರ ಭೌತವಿಜ್ಞಾನ, ರಸಾಯನವಿಜ್ಞಾನ, ಜೀವವಿಜ್ಞಾನದ ಪ್ರಯೋಗಗಳು ಸರದಿಯ ಮೇಲೆ ನಡೆಯಬೇಕು. ಉಪಕರಣಗಳು ಎಲ್ಲರಿಗೂ ಸಾಲದಿದ್ದುದರಿಂದ ತಂಡ ತಂಡವಾಗಿ ನಡೆಯಬೇಕು. ನಾಲ್ಕೂವರೆ, ಐದು ಗಂಟೆ ಆಗಿಯೇ ತೀರುತ್ತದೆ. ಹಳ್ಳಿಯ ಬಸ್ಸು ಐದಕ್ಕೆ ಹೊರಟರೆ ಮುಂದಿನದು ಏಳಕ್ಕೋ ಎಂಟಕ್ಕೋ. ಕೆಲವು ಊರಿಗೆ ಅದೂ ಇಲ್ಲ. ಬ್ಯುರೆಟ್ಟಿನ ನಲ್ಲಿ ಹಿಡಿದು ಹನಿ ಹನಿಯಾಗಿ ಕ್ಷಾರವನ್ನು ಇಳಿಸುತ್ತ, ನಡುನಡುವೆ ಗೋಡೆಯ ಗಡಿಯಾರ ನೋಡುವ ಹುಡುಗಿಗೆ ಆ ಕೊನೆಯ ತಿಳಿಗೆಂಪು ಬಣ್ಣ ಸರಿಯಾಗಿ ಕಂಡೀತೆ? ಎರಡು ವಾರ ಹೀಗೆ ಓಡಿಬಂದವಳು ಮೂರನೆಯ ವಾರ ವಿಭಾಗ ಬದಲಿಸಲು ಅರ್ಜಿ ಬರೆಯುತ್ತಾಳೆ. ಕಾರಣದ ಜಾಗದಲ್ಲಿ 'ಅನಾರೋಗ್ಯ' ಎಂದಿರುತ್ತದೆ.

ಶಕ್ತಿ ಯೋಜನೆ ಟಿಕೆಟ್ಟಿನ ಹಣ ಉಳಿಸಿತು ನಿಜ. ಬಡ ಮನೆಯ ಹುಡುಗಿಗೆ ಅದು ಸಣ್ಣ ಉಪಕಾರವೇನೂ ಅಲ್ಲ. ಆದರೆ ಬಸ್ಸಿನ ವೇಳೆ ಮಾತ್ರ ಇದ್ದಲ್ಲೇ ಇದೆ.

ಕೊನೆಭಾಗದ ಕಥೆ

ದೇಶದ ಲೆಕ್ಕ ನೋಡಿದರೆ ಆಶ್ಚರ್ಯವಾಗುತ್ತದೆ. ಕೇಂದ್ರ ಸರ್ಕಾರದ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2021–22ರಲ್ಲಿ ಪದವಿಯಿಂದ ಪಿಎಚ್.ಡಿ.ವರೆಗೆ ವಿಜ್ಞಾನ ವಿಭಾಗದಲ್ಲಿದ್ದವರು 57.2 ಲಕ್ಷ. ಅವರಲ್ಲಿ ಹೆಣ್ಣುಮಕ್ಕಳು 29.8 ಲಕ್ಷ, ಎಂದರೆ ಅರ್ಧಕ್ಕಿಂತ ಹೆಚ್ಚು! ಆದರೆ ಸಂಶೋಧನಾ ಸಂಸ್ಥೆಗಳ ಒಳಗೆ ಹೋಗಿ ಎಣಿಸಿದರೆ ಈ ಪ್ರಮಾಣ ಕುಸಿಯುತ್ತದೆ. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2018ರ ಸ್ಥಿತಿಯನ್ನು ಲೆಕ್ಕ ಹಾಕಿದಾಗ ದೇಶದ ಸಂಶೋಧಕರಲ್ಲಿ ಮಹಿಳೆಯರು ಶೇಕಡ 16.6 ಮಾತ್ರ. ಐಐಟಿಗಳಲ್ಲಂತೂ ಹುಡುಗಿಯರ ಸಂಖ್ಯೆ ತೀರ ಕಡಿಮೆ ಎಂದು 2018ರಿಂದ ಅವರಿಗಾಗಿ ಹೆಚ್ಚುವರಿ ಸೀಟುಗಳನ್ನೇ ಸೃಷ್ಟಿಸಬೇಕಾಯಿತು.

ತುಂಗಭದ್ರಾ ಎಡದಂಡೆ ಕಾಲುವೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಣೆಕಟ್ಟೆಯಲ್ಲಿ ನೀರಿರುತ್ತದೆ, ಕಾಲುವೆಗೂ ಬಿಟ್ಟಿರುತ್ತಾರೆ. ಕೊನೆಭಾಗದ ಹೊಲಕ್ಕೆ ಮಾತ್ರ ಬಂದಿರುವುದಿಲ್ಲ. ದಾರಿಯಲ್ಲಿ ಎಲ್ಲೆಲ್ಲಿ ಇಂಗಿತು, ಎಲ್ಲೆಲ್ಲಿ ತಿರುವಿಕೊಂಡರು ಎಂದು ಕಾಲುವೆಯ ಗುಂಟ ನಡೆದು ನೋಡಬೇಕು. ವಿಜ್ಞಾನದ ಹುಡುಗಿಯರ ಮಟ್ಟಿಗೆ ರಾಯಚೂರು ಜಿಲ್ಲೆಯೇ ಒಂದು ಕೊನೆಭಾಗ. 2011ರ ಜನಗಣತಿಯಲ್ಲಿ ರಾಜ್ಯದ ಮಹಿಳಾ ಸಾಕ್ಷರತೆ ಶೇಕಡ 68 ಇದ್ದರೆ ಈ ಜಿಲ್ಲೆಯದು ಶೇಕಡ 48.73. ಗಂಡಸರಲ್ಲಿ ಶೇಕಡ 70 ದಾಟಿತ್ತು. ಅಕ್ಷರದ ಮಟ್ಟದಲ್ಲೇ ಇಷ್ಟು ಅಂತರವಿರುವಾಗ ಪ್ರಯೋಗಾಲಯದ ಮಾತು ಬೇರೆ ಹೇಳಬೇಕೆ?

ಈ ಕಾಲುವೆಯ ಗುಂಟ ನಡೆದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಹುಡುಗಿಯನ್ನು ತಡೆದವರಲ್ಲಿ 'ನಿನಗೆ ಬುದ್ಧಿ ಸಾಲದು' ಎಂದವರು ಕಡಿಮೆ. 'ನಿನ್ನ ಒಳ್ಳೆಯದಕ್ಕೇ ಹೇಳುತ್ತೇವೆ' ಎಂದವರೇ ಹೆಚ್ಚು.

ಒಳ್ಳೆಯದಕ್ಕೇ ಹಾಕಿದ ಬೇಲಿ

ಇದಕ್ಕೆ ದೊಡ್ಡವರ ಉದಾಹರಣೆಯೇ ಇದೆ. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಿಂದ ಬಿ.ಎಸ್ಸಿ.ಯಲ್ಲಿ ಮೊದಲ ಸ್ಥಾನ ಪಡೆದ ಕಮಲಾ ಭಾಗವತ್ ಎಂಬ ಯುವತಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಆಕೆಯ ತಂದೆ, ಚಿಕ್ಕಪ್ಪ ಇಬ್ಬರೂ ಅಲ್ಲಿಯೇ ಓದಿದವರು. ಆಗ ನಿರ್ದೇಶಕರಾಗಿದ್ದವರು ಸರ್ ಸಿ.ವಿ. ರಾಮನ್. ಹೆಣ್ಣೆಂಬ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು. ಕಮಲಾ ಸುಮ್ಮನಿರಲಿಲ್ಲ; ಬೆಂಗಳೂರಿಗೆ ಬಂದು ಪಟ್ಟು ಹಿಡಿದು ಕೂತರು. ಕೊನೆಗೆ ಪ್ರವೇಶ ಸಿಕ್ಕಿತು, ಷರತ್ತುಗಳ ಸಮೇತ. ಮೊದಲ ಒಂದು ವರ್ಷ ಪರೀಕ್ಷಾರ್ಥ, ಮಾರ್ಗದರ್ಶಕರು ಹೇಳಿದಷ್ಟು ಹೊತ್ತು ರಾತ್ರಿಯಾದರೂ ಕೆಲಸ, ಪ್ರಯೋಗಾಲಯದ ವಾತಾವರಣ ಕೆಡಿಸಕೂಡದು. ಬೆಳಕಿನ ಚದುರುವಿಕೆಯನ್ನು ಕಂಡವರಿಗೆ ಈ ಹುಡುಗಿಯ ಅರ್ಹತೆ ಕಾಣಲು ಒಂದು ವರ್ಷ ಬೇಕಾಯಿತು. ಆ ನಂತರ ಅವರೇ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳಲು ಒಪ್ಪಿದರು ಎಂಬುದನ್ನೂ ಹೇಳಬೇಕು. ಕಮಲಾ 1939ರಲ್ಲಿ ಕೇಂಬ್ರಿಡ್ಜಿನಿಂದ ಡಾಕ್ಟರೇಟ್ ಪಡೆದರು. ಮುಂದೆ ಕಮಲಾ ಸೋಹೊನಿ ಎಂದು ಹೆಸರಾಗಿ ನೀರಾ, ಬೇಳೆಕಾಳುಗಳ ಪೋಷಕಾಂಶಗಳ ಮೇಲೆ ಕೆಲಸ ಮಾಡಿದ ಜೀವರಸಾಯನ ವಿಜ್ಞಾನಿ ಇವರೇ.

ಇದು ಹಳೆಯ ಕಾಲದ ಮಾತಾಯಿತು ಎನ್ನುವವರು 1968ರ ಹುಬ್ಬಳ್ಳಿಗೆ ಬರಬಹುದು. 2024ರಲ್ಲಿ ಹುಬ್ಬಳ್ಳಿಯ ರೈಲು ಸಿಂಧನೂರಿನವರೆಗೂ ಬಂದಿರುವುದರಿಂದ ಅದು ಈಗ ಇನ್ನಷ್ಟು ಹತ್ತಿರ. ಆ ವರ್ಷ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜಿಗೆ ಸುಧಾ ಕುಲಕರ್ಣಿ ಎಂಬ ಒಬ್ಬಳೇ ಹುಡುಗಿ ಸೇರಿದಳು. ಅಂಕಗಳ ಬಗ್ಗೆ ಯಾರದೂ ತಕರಾರಿರಲಿಲ್ಲ. ಆದರೆ ಸೀರೆಯನ್ನೇ ಉಡಬೇಕು, ಕ್ಯಾಂಟೀನಿನ ಕಡೆ ಹೋಗಬಾರದು, ಹುಡುಗರ ಜೊತೆ ಮಾತಾಡಬಾರದು ಎಂಬ ಮೂರು ಷರತ್ತುಗಳನ್ನು ಪ್ರಾಂಶುಪಾಲರು ಹಾಕಿದ್ದರೆಂದು ಅವರೇ ಹೇಳಿಕೊಂಡಿದ್ದಾರೆ. ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯವೇ ಇರಲಿಲ್ಲ. ಷರತ್ತು ಹಾಕಲು ನೆನಪಾದವರಿಗೆ ಶೌಚಾಲಯ ನೆನಪಾಗಲಿಲ್ಲ, ನೋಡಿ. 1974ರಲ್ಲಿ ಟೆಲ್ಕೊ ಕಂಪನಿಯ ಜಾಹೀರಾತಿನಲ್ಲಿ ಮಹಿಳೆಯರು ಅರ್ಜಿ ಹಾಕಬೇಕಾಗಿಲ್ಲ ಎಂಬ ಸಾಲು ಓದಿ ಜೆ.ಆರ್.ಡಿ. ಟಾಟಾ ಅವರಿಗೆ ಪೋಸ್ಟ್‌ಕಾರ್ಡ್ ಬರೆದದ್ದು, ಕೆಲಸ ಸಿಕ್ಕಿದ್ದು, ಮುಂದೆ ಸುಧಾ ಮೂರ್ತಿ ಆದದ್ದು ಎಲ್ಲರಿಗೂ ಗೊತ್ತಿರುವ ಕಥೆ.

ಗೊತ್ತಿರುವ ಕಥೆಯ ಒಂದು ತೊಂದರೆ ಏನೆಂದರೆ ಗೆದ್ದವರು ಮಾತ್ರ ಅದರಲ್ಲಿರುತ್ತಾರೆ. ಸೀರೆ ಉಟ್ಟು, ಬಾಯಿ ಮುಚ್ಚಿ, ಬಾಯಾರಿಕೆ ತಡೆದುಕೊಂಡು ನಾಲ್ಕೈದು ವರ್ಷ ಕಳೆಯಲಾರದೆ ಅರ್ಜಿಯನ್ನೇ ಹಾಕದವರ ಲೆಕ್ಕ ಯಾವ ಕಾಲೇಜಿನ ದಾಖಲೆಯಲ್ಲೂ ಇಲ್ಲ.

ಹಟ್ಟಿಯ ಶಾಫ್ಟಿನ ಬಾಯಲ್ಲಿ

ಲಿಂಗಸುಗೂರು ತಾಲ್ಲೂಕಿನಲ್ಲಿ ಈ ಬೇಲಿಯ ಅತ್ಯಂತ ಗಟ್ಟಿಯಾದ ಗೂಟವಿತ್ತು. ಅದು ಹಟ್ಟಿಯಲ್ಲಿ, ಚಿನ್ನದ ಗಣಿಯ ಬಾಯಲ್ಲಿ.

ಹಟ್ಟಿಯಿಂದ ಮಸ್ಕಿಯ ಕಡೆಗೆ ಹಬ್ಬಿರುವ ಶಿಲಾಪಟ್ಟಿ ಸುಮಾರು 250 ಕೋಟಿ ವರ್ಷಗಳಿಗೂ ಹಿಂದಿನದು. ಭೂವಿಜ್ಞಾನದ ಪುಸ್ತಕಗಳಲ್ಲಿ 'ಹಟ್ಟಿ–ಮಸ್ಕಿ ಪಟ್ಟಿ' ಎಂದೇ ಇದಕ್ಕೆ ಹೆಸರು. ಎರಡು ಸಾವಿರ ವರ್ಷಗಳ ಹಿಂದೆಯೇ ಇಲ್ಲಿನ ಜನ ಬೆಂಕಿಯಿಂದ ಬಂಡೆ ಕಾಯಿಸಿ ಸೀಳಿ ನೂರಾರು ಅಡಿ ಆಳಕ್ಕೆ ಇಳಿದಿದ್ದರು. 1915ರಲ್ಲಿ ಮಸ್ಕಿಯಲ್ಲಿ ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವ ಶಿಲಾಶಾಸನವನ್ನು ಕಂಡವನೂ ಚಿನ್ನದ ಹುಡುಕಾಟದಲ್ಲಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್. ದೊಡ್ಡವರು ಮಾತ್ರವಲ್ಲ, ಸಣ್ಣವರೂ ಪ್ರಯತ್ನದಿಂದ ಮೇಲಿನದನ್ನು ಮುಟ್ಟಬಲ್ಲರು ಎಂಬುದು ಆ ಶಾಸನದ ತಾತ್ಪರ್ಯ. 1947ರಲ್ಲಿ ನಿಜಾಮರ ಕಾಲದಲ್ಲಿ ಸ್ಥಾಪನೆಯಾದ ಕಂಪನಿ ಈಗ ಕರ್ನಾಟಕ ಸರ್ಕಾರದ ಹಟ್ಟಿ ಚಿನ್ನದ ಗಣಿ ಕಂಪನಿ. ಒಂದು ಟನ್ ಅದಿರು ಪುಡಿ ಮಾಡಿದರೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಅದನ್ನು ಬೇರ್ಪಡಿಸುವ ಸೈನೈಡ್ ದ್ರಾವಣ, ಸಕ್ರಿಯ ಇದ್ದಿಲು, ವಿದ್ಯುದ್ವಿಶ್ಲೇಷಣೆ ಎಲ್ಲವೂ ಪಿಯುಸಿ ರಸಾಯನವಿಜ್ಞಾನದ ಮುಂದುವರಿಕೆಯೇ. ಹೀಗೆ ಪಠ್ಯಪುಸ್ತಕ ಕಣ್ಣೆದುರಿಗೇ ತೆರೆದಿರುವ ತಾಲ್ಲೂಕು ರಾಜ್ಯದಲ್ಲಿ ಬೇರೆ ಎಷ್ಟಿದ್ದಾವು?

ಆದರೆ 1952ರ ಗಣಿ ಕಾಯ್ದೆಯ 46ನೇ ಕಲಮು ನೆಲದಡಿಯ ಗಣಿಯ ಯಾವ ಭಾಗದಲ್ಲೂ ಹೆಂಗಸನ್ನು ಕೆಲಸಕ್ಕೆ ಇಡಕೂಡದು ಎಂದು ಹೇಳುತ್ತಿತ್ತು. ನೆಲದ ಮೇಲಿನ ಗಣಿ ಕೆಲಸಕ್ಕೂ ಬೆಳಿಗ್ಗೆ ಆರರಿಂದ ಸಂಜೆ ಏಳರವರೆಗೆ ಮಾತ್ರ ಅವಕಾಶ. ಈ ನಿಷೇಧ ಹುಟ್ಟಿದ್ದು ಕೆಟ್ಟ ಉದ್ದೇಶದಿಂದಲ್ಲ. ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳಲ್ಲಿ ಹೆಂಗಸರು, ಮಕ್ಕಳು ಸೊಂಟಕ್ಕೆ ಸರಪಳಿ ಕಟ್ಟಿಕೊಂಡು ಬಂಡಿ ಎಳೆಯುತ್ತಿದ್ದುದನ್ನು ಕಂಡು 1842ರಲ್ಲಿ ಅಲ್ಲಿನ ಸಂಸತ್ತು ಅದನ್ನು ನಿಲ್ಲಿಸಿತು. 1935ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ ಅಂಥದೇ ಒಡಂಬಡಿಕೆ ಮಾಡಿತು. ಬಂಡಿ ಎಳೆಯುವ ಹೆಣ್ಣಿನ ರಕ್ಷಣೆಗೆ ಬಂದ ಕಾನೂನು, ಕಾಲ ಕಳೆದಂತೆ ನಕ್ಷೆ ಓದಬಲ್ಲ ಹೆಣ್ಣಿನ ಕಾಲಿಗೂ ತೊಡಕಾಯಿತು.

ಅದರ ಪರಿಣಾಮ ಗಣಿಯ ಬಾಯಲ್ಲೇ ನಿಲ್ಲಲಿಲ್ಲ. ನೆಲದಡಿಯ ಗಣಿಯ ವ್ಯವಸ್ಥಾಪಕರಾಗಲು ಬೇಕಾದ ಪ್ರಮಾಣಪತ್ರಕ್ಕೆ ನೆಲದಡಿಯ ಅನುಭವ ಕಡ್ಡಾಯ. ಇಳಿಯುವುದಕ್ಕೇ ಅನುಮತಿ ಇಲ್ಲದವಳಿಗೆ ಅನುಭವ ಎಲ್ಲಿಂದ ಬರಬೇಕು? ಪ್ರಮಾಣಪತ್ರವಿಲ್ಲದ ಮೇಲೆ ಗಣಿ ಎಂಜಿನಿಯರಿಂಗ್ ಪದವಿ ಏಕೆ? ಪದವಿ ಇಲ್ಲದ ಮೇಲೆ ಪಿಯುಸಿಯಲ್ಲಿ ಗಣಿತವೇಕೆ? ಹೀಗೆ ಒಂದು ಕಲಮಿನ ನೆರಳು ಶಾಫ್ಟಿನಿಂದ ಶಾಲೆಯ ಬೆಂಚಿನವರೆಗೆ ಚಾಚಿತ್ತು. ಗಣಿ ಕಾರ್ಮಿಕರ ವಸತಿಯಲ್ಲಿ ಬೆಳೆದ ಹುಡುಗನಿಗೆ ಅಪ್ಪನ ಕೆಲಸ ಒಂದು ದಾರಿ. ಅದೇ ಮನೆಯ ಹುಡುಗಿಗೆ ಅದು ಪಾಳಿ ಮುಗಿಸಿ ಬಂದವರ ಧೂಳಿನ ಬಟ್ಟೆ ಒಗೆಯುವ ಕೆಲಸ.

2019ರ ಆರಂಭದಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಬೇಲಿಯ ಒಂದು ತಂತಿ ಸಡಿಲಿಸಿತು. ತಾಂತ್ರಿಕ, ಮೇಲ್ವಿಚಾರಣೆ ಮತ್ತು ವ್ಯವಸ್ಥಾಪನೆಯ ಹುದ್ದೆಗಳಲ್ಲಿರುವ ಮಹಿಳೆಯರು, ಸತತವಾಗಿ ಅಲ್ಲಿಯೇ ಇರಬೇಕಾಗಿಲ್ಲದ ಕೆಲಸಗಳಿಗೆ, ಹಗಲು ಹೊತ್ತಿನಲ್ಲಿ, ಲಿಖಿತ ಒಪ್ಪಿಗೆ ಕೊಟ್ಟು ನೆಲದಡಿಗೆ ಇಳಿಯಬಹುದು. ನೆಲದ ಮೇಲಿನ ಗಣಿಯಲ್ಲಿ ರಾತ್ರಿ ಪಾಳಿಯೂ ಮಾಡಬಹುದು, ಆದರೆ ಪಾಳಿಗೆ ಮೂವರಿಗಿಂತ ಕಡಿಮೆ ಇರಬಾರದು. ಸುರಕ್ಷತೆಯ ದೃಷ್ಟಿಯಿಂದ ಇದು ಸರಿಯೇ. ಆದರೆ ಯಾವ ಜಾಗಕ್ಕಾದರೂ ಮೊದಲು ಬರುವ ಹೆಣ್ಣು ಒಬ್ಬಳೇ ಆಗಿರುತ್ತಾಳಲ್ಲ! ಮೂವರು ಕೂಡುವವರೆಗೆ ಆ ಒಬ್ಬಳು ಏನು ಮಾಡಬೇಕು?

2021ರಲ್ಲಿ ಜಾರ್ಖಂಡಿನ ಆಕಾಂಕ್ಷಾ ಕುಮಾರಿ ಸೆಂಟ್ರಲ್ ಕೋಲ್‌ಫೀಲ್ಡ್ಸ್ ಕಂಪನಿಯ ನೆಲದಡಿಯ ಕಲ್ಲಿದ್ದಲು ಗಣಿಗೆ ಎಂಜಿನಿಯರಾಗಿ ಸೇರಿದಾಗ ಅದು ದೇಶಕ್ಕೆ ಸುದ್ದಿಯಾಯಿತು. 2024ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ತನ್ನ 1935ರ ಒಡಂಬಡಿಕೆಯನ್ನೇ ರದ್ದು ಮಾಡಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯ ಪ್ರಕಾರ ಎಲ್ಲ ಬಗೆಯ ಉದ್ಯಮಗಳಲ್ಲಿ ಎಲ್ಲ ಬಗೆಯ ಕೆಲಸಕ್ಕೂ ಮಹಿಳೆಯರು ಅರ್ಹರು. ರಾತ್ರಿಯ ಕೆಲಸಕ್ಕೆ ಅವರ ಒಪ್ಪಿಗೆ ಬೇಕು, ಸುರಕ್ಷತೆಯ ಏರ್ಪಾಡು ಇರಬೇಕು. ಕಾನೂನಿನ ಬೇಲಿ ಹೀಗೆ ಬಹುಪಾಲು ಬಿದ್ದಿದೆ. ಲಿಂಗಸುಗೂರಿನ ಪಿಯುಸಿ ತರಗತಿಗಳಲ್ಲಿ ಈ ಸುದ್ದಿಯನ್ನು ಯಾರಾದರೂ ಓದಿ ಹೇಳಿದ್ದಾರೆಯೇ ಎಂಬುದು ಕೇಳಬೇಕಾದ ಪ್ರಶ್ನೆ.

ಹತ್ತಿ ಹೂವಿನ ಮುಂದೆ

ಇನ್ನು ಹೊಲದ ಕಡೆ. ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿ ಅವರು 1972ರಲ್ಲಿ 'ವರಲಕ್ಷ್ಮಿ' ಎಂಬ ಸಂಕರಣ ಹತ್ತಿ ತಳಿಯನ್ನು ಬಿಡುಗಡೆ ಮಾಡಿದ ಮೇಲೆ ಉತ್ತರ ಕರ್ನಾಟಕದಲ್ಲಿ ಹತ್ತಿ ಬೀಜೋತ್ಪಾದನೆ ಒಂದು ದೊಡ್ಡ ಉದ್ಯೋಗವಾಗಿ ಬೆಳೆಯಿತು. ಕೂಲಿಯವರ ಬಾಯಲ್ಲಿ ಇದು 'ಕ್ರಾಸಿಂಗ್ ಕೆಲಸ'.

ಕೆಲಸ ಹೀಗೆ. ನಾಳೆ ಅರಳಲಿರುವ ಮೊಗ್ಗನ್ನು ಇಂದು ಸಂಜೆಯೇ ಗುರುತಿಸಬೇಕು. ಹೆಬ್ಬೆರಳಿನ ಉಗುರಿನಿಂದ ದಳಗಳನ್ನೂ ಕೇಸರಗಳ ಕೊಳವೆಯನ್ನೂ ಸುತ್ತ ಬಿಡಿಸಿ ತೆಗೆಯಬೇಕು. ನಡುವಿನ ಶಲಾಕೆಗೆ ಪೆಟ್ಟಾಗಬಾರದು, ಒಂದೇ ಒಂದು ಪರಾಗಕೋಶವೂ ಉಳಿಯಬಾರದು. ಮೊಗ್ಗಿಗೆ ಗುರುತು ಕಟ್ಟಬೇಕು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಶಲಾಕೆಯ ತುದಿಗೆ ಮೃದುವಾಗಿ ಒರೆಸಬೇಕು. ಬಿಸಿಲೇರಿದರೆ ಪರಾಗ ಕೆಲಸಕ್ಕೆ ಬಾರದು. ಇಷ್ಟನ್ನೂ ಒಂದು ದಿನಕ್ಕೆ ನೂರಾರು ಹೂವಿಗೆ ಮಾಡುವವರು ಬಹುತೇಕ ಹುಡುಗಿಯರು, ಹೆಂಗಸರು. ಅವರ ಬೆರಳು ಸಣ್ಣ, ಕೂಲಿಯೂ ಸಣ್ಣ.

ಆಸ್ಟ್ರಿಯಾದ ಮಠದ ತೋಟದಲ್ಲಿ ಮೆಂಡೆಲ್ ಬಟಾಣಿ ಹೂವಿಗೆ ಮಾಡಿದ್ದೂ ಇದನ್ನೇ. ಹತ್ತನೆಯ ತರಗತಿಯ ಪುಸ್ತಕದಲ್ಲಿ ಅವನ ಪ್ರಯೋಗವಿದೆ. ತರಗತಿಯಲ್ಲಿ ಆ ಪಾಠ ನಡೆಯುವಾಗ, ಅದನ್ನು ಕೈಯಾರೆ ಸಾವಿರ ಸಲ ಮಾಡಿದವಳು ಗೈರುಹಾಜರಿ. ಏಕೆಂದರೆ ಹೊಲದಲ್ಲಿ ಅದೇ ಹಂಗಾಮು. ಸಿಂಧನೂರಿನ ಕಾಲುವೆ ಭಾಗದಲ್ಲಿ ಭತ್ತದ ನಾಟಿಯೂ ಹಾಗೆಯೇ. ಕಾಲುವೆಗೆ ನೀರು ಬಿಟ್ಟ ಮೇಲೆ ಮಳೆಗಾಲದ ನಡುವೆ ನಾಟಿ ಶುರುವಾಗುತ್ತದೆ. ಪಿಯುಸಿ ಮೊದಲ ವರ್ಷದಲ್ಲಿ ತ್ರಿಕೋನಮಿತಿ, ಸದಿಶಗಳ ಬುನಾದಿ ಹಾಕುವುದೂ ಅದೇ ತಿಂಗಳುಗಳಲ್ಲಿ. ಮೂರು ವಾರ ಕೆಸರಿನಲ್ಲಿ ನಿಂತು ಬಂದವಳಿಗೆ ಬೋರ್ಡಿನ ಮೇಲಿನ ಬಾಣದ ಗುರುತುಗಳು ಅರ್ಥವಾಗದಿದ್ದರೆ 'ಹೆಣ್ಣುಮಕ್ಕಳಿಗೆ ಗಣಿತ ಹತ್ತುವುದಿಲ್ಲ' ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಹಾಗೆ ತೀರ್ಪು ಕೊಡುವವರಲ್ಲಿ ಮೇಷ್ಟರುಗಳೂ ಇದ್ದಾರೆ ಎಂಬುದನ್ನು ಒಪ್ಪಿಕೊಳ್ಳಬೇಕು.

2009ರಲ್ಲಿ ರಾಯಚೂರಿಗೆ ಪ್ರತ್ಯೇಕ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಬಂತು. ಕೃಷಿ ಪದವಿಯ ಪ್ರವೇಶದಲ್ಲಿ ರೈತರ ಮಕ್ಕಳಿಗೆಂದು ಮೀಸಲಾದ ಸೀಟುಗಳಿವೆ. ಅದಕ್ಕಾಗಿ ಒಂದು ಪ್ರಾಯೋಗಿಕ ಪರೀಕ್ಷೆಯೂ ಉಂಟು: ಬೀಜ, ಬೆಳೆ, ಸಲಕರಣೆಗಳನ್ನು ನೋಡಿ ಗುರುತಿಸಬೇಕು. ಇಂಥ ಪರೀಕ್ಷೆಯಲ್ಲಿ ಕ್ರಾಸಿಂಗ್ ಮಾಡಿದ, ನಾಟಿ ಹಚ್ಚಿದ ಹುಡುಗಿಯನ್ನು ಮೀರಿಸುವವರು ಯಾರು? ಆದರೆ ಆ ಕೊಠಡಿಯವರೆಗೆ ಬರಲು ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು. ಐದರ ಬಸ್ಸಿನ ಕಾರಣಕ್ಕೆ ಹದಿನಾರನೇ ವಯಸ್ಸಿನಲ್ಲಿ ಕಲಾ ವಿಭಾಗದ ಅರ್ಜಿಗೆ ಸಹಿ ಹಾಕಿದವಳಿಗೆ ಕೃಷಿ ಮಾತ್ರವಲ್ಲ. ವೈದ್ಯಕೀಯ, ಎಂಜಿನಿಯರಿಂಗ್, ಔಷಧ ವಿಜ್ಞಾನ, ಬಿ.ಎಸ್ಸಿ. ಎಲ್ಲವೂ ಅಂದೇ ಮುಚ್ಚಿಹೋಗುತ್ತವ���. ಆ ಒಂದು ಸಹಿ ಎಷ್ಟು ಬಾಗಿಲಿಗೆ ಅಗುಳಿ ಹಾಕುತ್ತದೆ ಎಂದು ಅವಳಿಗೆ ಹೇಳುವವರು ಅಂದು ಹತ್ತಿರದಲ್ಲಿರುವುದಿಲ್ಲ.

ವೇಗೋತ್ಕರ್ಷದಿಂದ ಆ್ಯಕ್ಸಿಲರೇಷನ್ನಿಗೆ

ಬಸ್ಸನ್ನೂ ನಾಟಿಯನ್ನೂ ದಾಟಿ ವಿಜ್ಞಾನಕ್ಕೆ ಸೇರಿದವಳ ಎದುರಿಗೆ ಭಾಷೆ ನಿಂತಿರುತ್ತದೆ. ಹತ್ತನೆಯವರೆಗೆ ಕನ್ನಡದಲ್ಲಿ ಜಡತ್ವ, ಸಂವೇಗ, ವೇಗೋತ್ಕರ್ಷ, ದ್ಯುತಿಸಂಶ್ಲೇಷಣೆ ಎಂದು ಕಲಿತವಳು ಜೂನ್ ತಿಂಗಳ ಒಂದು ಬೆಳಿಗ್ಗೆ ಇನರ್ಷಿಯಾ, ಮೊಮೆಂಟಮ್, ಆ್ಯಕ್ಸಿಲರೇಷನ್, ಫೋಟೊಸಿಂಥೆಸಿಸ್ ಎಂಬ ಹೊಸ ಲೋಕಕ್ಕೆ ಬಂದು ಬೀಳುತ್ತಾಳೆ. ಹಳೆಯ ಪರಿಚಯದವರೇ, ಹೊಸ ವೇಷದಲ್ಲಿದ್ದಾರೆ ಎಂದು ತಿಳಿಯಲು ತಿಂಗಳುಗಳು ಬೇಕು. ಈ ಕಷ್ಟ ಹುಡುಗರಿಗೂ ಇದೆಯಲ್ಲ ಎನ್ನಬಹುದು. ಇದೆ. ಆದರೆ ಹುಡುಗರು ನಾಲ್ವರು ಸೇರಿ ಸಿಂಧನೂರಿನಲ್ಲೋ ಲಿಂಗಸುಗೂರಿನಲ್ಲೋ ಒಂದು ರೂಮು ಮಾಡುತ್ತಾರೆ. ಅನ್ನ ತಾವೇ ಬೇಯಿಸಿಕೊಂಡು, ಸಂಜೆ ಟ್ಯೂಷನ್ನಿಗೆ ಹೋಗಿ, ರಾತ್ರಿ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ಹುಡುಗಿಗೆ ರೂಮು ಎಂಬ ಮಾತೇ ಇಲ್ಲ. ಹಾಸ್ಟೆಲಿನಲ್ಲಿ ಜಾಗ ಸಿಕ್ಕರೆ ಅದೃಷ್ಟ, ಸಿಗದಿದ್ದರೆ ಐದರ ಬಸ್ಸು. ಮನೆ ಸೇರಿದ ಮೇಲೆ ನೀರು ತರುವುದು, ರೊಟ್ಟಿ ತಟ್ಟುವುದು, ತಮ್ಮನನ್ನು ಓದಿಸುವುದು. ತಮ್ಮನಿಗೆ ಹೇಳಿಕೊಡುವಷ್ಟು ವಿಜ್ಞಾನ ಅವಳಿಗೆ ಬರುತ್ತದೆ ಎಂಬುದನ್ನು ಮನೆಯಲ್ಲಿ ಎಲ್ಲರೂ ಒಪ್ಪುತ್ತಾರೆ!

ಮನೆಯ ಹಿರಿಯರನ್ನು ಬೈಯುವುದು ಸುಲಭ. 'ಎಷ್ಟ್ ಕಲ್ತ್ರೂ ಬ್ಯಾರೆಯವರ ಮನಿ ಸೇರಾಕಿ' ಎಂಬ ಮಾತು ಈ ಕಡೆ ಇನ್ನೂ ಇದೆ. ಹದಿನೆಂಟರ ಒಳಗಿನ ಹುಡುಗಿಯ ಮದುವೆ 2016ರ ಕರ್ನಾಟಕ ತಿದ್ದುಪಡಿಯಂತೆ ಮೊದಲಿನಿಂದಲೇ ಅಸಿಂಧು ಎಂದು ಗೊತ್ತಿದ್ದೂ ಮಾಡುವವರಿದ್ದಾರೆ. ಆದರೂ ಹಿಂದಿನ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದ ರಾಜೇಶ್ವರಿ ಚಟರ್ಜಿ (1922–2010) ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಅಮೆರಿಕದ ಮಿಷಿಗನ್‌ನಲ್ಲಿ ಡಾಕ್ಟರೇಟ್ ಪಡೆದು, 1953ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿ ಮೈಕ್ರೊವೇವ್ ಮತ್ತು ಆಂಟೆನಾ ವಿಷಯಗಳಲ್ಲಿ ದಶಕಗಳ ಕಾಲ ದುಡಿದರು. ಅವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಪದವೀಧರೆಯರಲ್ಲಿ ಒಬ್ಬರು. ಅದೇ ಕಾಲದಲ್ಲಿ ಸಿಂಧನೂರು, ಲಿಂಗಸುಗೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಓದಬೇಕಾದರೆ ಉರ್ದು, ಕಾಲೇಜೆಂದರೆ ಹೈದರಾಬಾದು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಈಗ ಮಸ್ಕಿಯ ಕ್ರಾಸಿನಲ್ಲಿ ನಿಂತಿರುವ ಹುಡುಗಿಯ ಅಜ್ಜಿ ಹೆಬ್ಬೆಟ್ಟು ಒತ್ತುವವಳು. ತಾಯಿ ನಾಲ್ಕನೆಯ ತರಗತಿ. ಈ ಹುಡುಗಿಯೇ ಮುಂದೆ ಯಾರಿಗಾದರೂ ಕಮಲಮ್ಮ ಆಗಬೇಕು. ಅಷ್ಟು ಭಾರ ಹೊತ್ತವಳಿಗೆ ರೆಕಾರ್ಡ್ ಬುಕ್ಕಿನ ಭಾರವೂ ಇದೆ.

ಓದು ಮುಂದುವರಿದರೂ ದಾರಿ ಮತ್ತೆ ಕಿರಿದಾಗುತ್ತದೆ. ಬಿ.ಎಸ್ಸಿ. ಮುಗಿಸಿದವಳಿಗೆ ಬಿ.ಎಡ್. ಅಥವಾ ನರ್ಸಿಂಗ್ 'ಸೇಫ್' ಎಂದು ಹಿರಿಯರು ನಿರ್ಧರಿಸುತ್ತಾರೆ. ಎರಡೂ ಒಳ್ಳೆಯ ಕೆಲಸಗಳೇ. ಶಾಲೆಗೆ ಒಳ್ಳೆಯ ವಿಜ್ಞಾನ ಶಿಕ್ಷಕಿ ಸಿಗುವುದು ಊರಿನ ಭಾಗ್ಯ. ಆದರೆ ಹತ್ತು ಹುಡುಗಿಯರಲ್ಲಿ ಹತ್ತೂ ಜನರಿಗೆ ಒಂದೇ ಎರಡು ಕೆಲಸ ಇಷ್ಟವಾಗುವುದು ನಿಸರ್ಗ ನಿಯಮವಂತೂ ಅಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಮಂಗಳಯಾನ ಕಕ್ಷೆ ಸೇರಿದಾಗ ಬೆಂಗಳೂರಿನ ಇಸ್ರೊ ಕೇಂದ್ರದಲ್ಲಿ ಸೀರೆಯುಟ್ಟ ಮಹಿಳೆಯರು ಸಂಭ್ರಮಿಸಿದ ಚಿತ್ರವನ್ನು ಎಷ್ಟೋ ಶಾಲೆಗಳು ಗೋಡೆಗೆ ಅಂಟಿಸಿಕೊಂಡಿವೆ. ಚಿತ್ರ ಚೆನ್ನಾಗಿದೆ. ಆ ಕೇಂದ್ರದವರೆಗೆ ಅವರು ದಿನವೂ ಹೇಗೆ ಹೋಗಿ ಬರುತ್ತಿದ್ದರು, ಮಕ್ಕಳನ್ನು ಯಾರು ನೋಡಿಕೊಳ್ಳುತ್ತಿದ್ದರು ಎಂಬುದು ಮಾತ್ರ ಚಿತ್ರದಲ್ಲಿಲ್ಲ. ಹುಡುಗಿಯ ಅಪ್ಪ ಕೇಳುವುದು ಅದನ್ನೇ. 2008ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿ ಪ್ರಕಟಿಸಿದ, ಭೌತವಿಜ್ಞಾನಿ ರೋಹಿಣಿ ಗೋಡಬೋಲೆ ಮತ್ತು ರಾಮ್ ರಾಮಸ್ವಾಮಿ ಸಂಪಾದಿಸಿದ 'ಲೀಲಾವತೀಸ್ ಡಾಟರ್ಸ್' ಎಂಬ ಪುಸ್ತಕದಲ್ಲಿ ಸುಮಾರು ನೂರು ಮಹಿಳಾ ವಿಜ್ಞಾನಿಗಳ ಬದುಕಿದೆ. ಅಂಥ ಪುಸ್ತಕ ಕನ್ನಡದಲ್ಲಿ ಪ್ರತಿ ಪ್ರೌಢಶಾಲೆಯ ಕಪಾಟಿನಲ್ಲಿ ಇರಬೇಕಿತ್ತು.

ರಿಜಿಸ್ಟರಿನ ಕ್ರಮ

ಸೀಟುಗಳಿಗೆ ಈಗ ಮೊದಲಿನಷ್ಟು ಬರವಿಲ್ಲ. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371(ಜೆ) ಕಲಮಿನಂತೆ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡ 70ರಷ್ಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇಕಡ 8ರಷ್ಟು ಸೀಟುಗಳು ಈ ಭಾಗದವರಿಗೆ ಮೀಸಲು. ವೈದ್ಯಕೀಯ ಕಾಲೇಜು, ಕೃಷಿ ವಿಶ್ವವಿದ್ಯಾಲಯ ಎರಡೂ ಜಿಲ್ಲಾ ಕೇಂದ್ರದಲ್ಲೇ ಇವೆ. ಹೋಗುವವರಿಗೆ ದಾರಿ ಬೇಕು, ಅಷ್ಟೆ. ತಾಲ್ಲೂಕು ಕೇಂದ್ರಗಳಲ್ಲಿ ಪಿಯುಸಿ ವಿಜ್ಞಾನದ ಹುಡುಗಿಯರಿಗೆಂದೇ ಹಾಸ್ಟೆಲು, ನಾಟಿ ಮುಗಿದ ಮೇಲೆ ತಪ್ಪಿದ ಪಾಠಗಳಿಗೆ ಮೂರು ವಾರದ ವಿಶೇಷ ತರಗತಿ, ಆರು ಗಂಟೆಗೊಂದು ಬಸ್ಸು – ಇವಾವುವೂ ದೊಡ್ಡ ಯೋಜನೆಗಳಲ್ಲ. ಆದರೂ ಮನವಿ, ಮಂಜೂರಾತಿ, ಟೆಂಡರು ಎಂದು ವರ್ಷಗಳು ಉರುಳುತ್ತವೆ. ಅಷ್ಟರಲ್ಲಿ ಹುಡುಗಿಗೆ ಹದಿನೆಂಟು ತುಂಬಿರುತ್ತದೆ.

ಒಂದು ಕೆಲಸಕ್ಕೆ ಮಾತ್ರ ಯಾರ ಮಂಜೂರಾತಿಯೂ ಬೇಕಾಗಿಲ್ಲ. ಪ್ರಯೋಗಗಳಿಗೆ ತಂಡ ಮಾಡುವಾಗ ಉಪನ್ಯಾಸಕರು ಹಾಜರಿ ಪುಸ್ತಕದ ಕ್ರಮಸಂಖ್ಯೆಯಂತೆ ಮಾಡುತ್ತಾರೆ: ಒಂದರಿಂದ ಇಪ್ಪತ್ತು ಮೊದಲ ತಂಡ, ಇಪ್ಪತ್ತೊಂದರಿಂದ ನಲವತ್ತು ಎರಡನೆಯ ತಂಡ. ಹೆಸರು ಕನ್ನಡದ 'ಅ'ದಿಂದಲೋ ಇಂಗ್ಲಿಷಿನ 'ಎ'ಯಿಂದಲೋ ಶುರುವಾದ ಪೇಟೆಯ ಹುಡುಗ ಹನ್ನೆರಡಕ್ಕೆ ಪ್ರಯೋಗ ಮುಗಿಸಿ ಮನೆಗೆ ಹೋಗಿ ಊಟ ಮಾಡಿ ಮಲಗುತ್ತಾನೆ. ಹತ್ತಾರು ಕಿಲೋಮೀಟರ್ ದೂರದ ಹಳ್ಳಿಯ ಯಲ್ಲಮ್ಮ, ಶರಣಮ್ಮ, ಶಾಹಿನಾ ಕೊನೆಯ ತಂಡದಲ್ಲಿ ನಾಲ್ಕೂವರೆಯವರೆಗೆ ನಿಂತಿರುತ್ತಾರೆ. ಜೂನ್‌ನಲ್ಲಿ ಪ್ರವೇಶ ಮುಗಿದ ವಾರ, ಹಾಜರಿ ಪುಸ್ತಕದ ಪಕ್ಕದಲ್ಲಿ ಬಸ್ಸಿನ ವೇಳಾಪಟ್ಟಿಯನ್ನೂ ಇಟ್ಟುಕೊಂಡು, ಮೊದಲು ಹೊರಡಬೇಕಾದವರು ಮೊದಲ ತಂಡದಲ್ಲಿರುವಂತೆ ಪಟ್ಟಿ ಬರೆದರಾಯಿತು. ಒಂದು ಬಿಳಿ ಹಾಳೆ, ಒಂದು ಸ್ಕೇಲು, ಅರ್ಧ ಗಂಟೆಯ ಕೆಲಸ.